ಬೀದಿ ಕುದುರೆ ಮನೆಗೆ ತಂದ್ರೆ ಏನೇನಾಗುತ್ತೆ? ಮೋಕದ ರೈತರೊಬ್ಬರ ಅನುಭವ

ಮೋಕ (ಬಳ್ಳಾರಿ): ಕಾಡು ಕುದುರೆ ಅಂದ್ರೆ ನಮ್ಮ ಕಡೆ ನೆನಪಾಗೋದು ಶಿವಮೊಗ್ಗ ಸುಬ್ಬಣ್ಣ ಹಾಡಿದ ಸಿನಿಮಾ ಹಾಡು. ನಿಜವಾದ ಕಾಡು ಕುದುರೆ ನಮ್ಮಲ್ಲಿಲ್ಲ. ಇರೋದು ಬಿಟ್ಟ ಕುದುರೆಗಳು. ಜಟಕಾ ನಿಂತ ಮೇಲೆ, ಮದುವೆ ಮೆರವಣಿಗೆಗೆ ಕಾಲು ಸೋತ ಮೇಲೆ ಹಗ್ಗ ಬಿಚ್ಚಿ ಕಳಿಸಿಬಿಡ್ತಾರೆ.

ಅಂಥ ಒಂದು ಹೆಣ್ಣು ಕುದುರೆಯನ್ನು ಮನೆಗೆ ತಂದ ರೈತರೊಬ್ಬರನ್ನು ಮಾತಾಡಿಸಿದೆ. ಹೆಸರು ಹಾಕಬೇಡಪ್ಪ ಅಂದ್ರು.

"ಪುಕ್ಕಟೆ ಸಿಕ್ತು ಅನ್ಕೊಂಡಿದ್ದೆ. ಹತ್ರ ಹೋದ್ರ ಒದೀತಿತ್ತು, ಹಗ್ಗ ಕಂಡ್ರ ನಡುಗ್ತಿತ್ತು. ಮೈ ಮುಟ್ಟಾಕ ಇಪ್ಪತ್ತು ದಿನ ಬೇಕಾತು ನೋಡು."

ತಪ್ಪಾಗಿದ್ದು ಮೇವಿನಲ್ಲಿ. ಎತ್ತಿಗೆ ಹಾಕಿದಂಗೆ ಭತ್ತದ ಹುಲ್ಲು, ಮೇಲೆ ಉಳಿದ ಅನ್ನ. ಕುದುರೆ ಮೆಲುಕು ಹಾಕಲ್ಲ, ವಾಂತಿನೂ ಮಾಡಲಾರದು. ಕಾಳು, ಅನ್ನ ಒಮ್ಮೆಲೇ ಜಾಸ್ತಿಯಾದ್ರೆ ಹೊಟ್ಟೆ ಉಬ್ಬಿ ಹೊರಳಾಡುತ್ತೆ, ಕರುಳು ತಿರುಚಿಕೊಂಡ್ರೆ ಕೆಲವೇ ಗಂಟೆಗಳಲ್ಲಿ ಸಾಯಬಹುದು. ನಮ್ಮ ಹಗರಿ ದಂಡೆಯ ಬಳ್ಳಾರಿ ಜಾಲಿ ಕಾಯಿ ಸಿಹಿ, ಕುದುರೆಗೆ ಇಷ್ಟ. ಆದ್ರೆ ಅದೂ ಅತಿಯಾದ್ರೆ ಕರುಳಲ್ಲಿ ಕಟ್ಟಿಕೊಳ್ಳುತ್ತೆ. ಆ ರಾತ್ರಿ ಇವರ ಮನೆಯಲ್ಲಿ ಯಾರೂ ಮಲಗಲಿಲ್ಲ. ಡಾಕ್ಟರ್ ಮೂಗಿನಿಂದ ನಳಿಕೆ ಹಾಕಿ ಉಳಿಸಿದ್ರು.

200 ಕೆಜಿ ತೂಗುವ ನಾಡು ಕುದುರೆಗೆ ದಿನಕ್ಕೆ ಸುಮಾರು 4 ಕೆಜಿ ಒಣ ಮೇವು ಬೇಕು. ಜೋಳದ ಸೊಪ್ಪೆ, ಒಣಹುಲ್ಲು ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಸಿಗಬೇಕು. ಬಳ್ಳಾರಿ ಬಿಸಿಲಿಗೆ ನೀರಂತೂ ಯಾವಾಗಲೂ ತೊಟ್ಟಿಯಲ್ಲಿರಬೇಕು. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಲಾಳ ಕಟ್ಟೋರು ಹುಡುಕೋದೇ ಈಗ ದೊಡ್ಡ ಕೆಲಸ.

ಮನೆಗೆ ತರೋ ಮುಂಚೆ ಗ್ರಾಮ ಪಂಚಾಯಿತಿಗೂ ಪೊಲೀಸ್ ಠಾಣೆಗೂ ತಿಳಿಸಿ. ಬೀದಿಯಲ್ಲಿದ್ದ ಮಾತ್ರಕ್ಕೆ ಮಾಲೀಕರಿಲ್ಲ ಅಂತಲ್ಲ, ನಾಳೆ ಕಳ್ಳತನದ ಮಾತು ಬರಬಹುದು. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಹೋಗೋದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಕಾಯ್ದೆಯಲ್ಲಿ ಬರೆದಿರೋ ದಂಡ ಮೊದಲ ಸಲಕ್ಕೆ 10ರಿಂದ 50 ರೂಪಾಯಿ! ಒಂದು ಹೊರೆ ಹುಲ್ಲೂ ಬರಲ್ಲ.

ಅಮೆರಿಕದಲ್ಲಿ 1971ರ ಕಾಯ್ದೆಯಿಂದ ಕಾಡು ಕುದುರೆಗಳಿಗೆ ರಕ್ಷಣೆ ಇದೆ. ಹೆಚ್ಚಾದವನ್ನು ಸರ್ಕಾರವೇ ಹಿಡಿದು ಜನರಿಗೆ ದತ್ತು ಕೊಡುತ್ತೆ. ಆದ್ರೆ ಒಂದು ವರ್ಷ ಸರಿಯಾಗಿ ಸಾಕಿದ್ದಾರೆ ಅಂತ ಖಾತ್ರಿಯಾದ ಮೇಲೇ ಒಡೆತನದ ಪತ್ರ. ನಮ್ಮಲ್ಲಿ ಆ ಒಂದು ವರ್ಷ ಕೇಳೋರು ಯಾರೂ ಇಲ್ಲ.

ಎಲ್ಲಕ್ಕಿಂತ ಹೆದರಬೇಕಾದ್ದು ಗ್ಲ್ಯಾಂಡರ್ಸ್ ರೋಗಕ್ಕೆ. ಮೂಗಿನಿಂದ ಅಂಟು ಸಿಂಬಳ, ಚರ್ಮದ ಮೇಲೆ ಗಂಟು, ಹುಣ್ಣು ಲಕ್ಷಣ. ಮನುಷ್ಯರಿಗೂ ಹರಡುತ್ತೆ, ಲಸಿಕೆ ಇಲ್ಲ. ಖಚಿತವಾದ್ರೆ ಕಾನೂನಿನಂತೆ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸ್ತಾರೆ. ಹೀಗಾಗಿ ಹೊಸ ಕುದುರೆಯನ್ನು ಬೇರೆ ಕಡೆ ಕಟ್ಟಿ, ಮಕ್ಕಳನ್ನು ದೂರ ಇಡಿ, ರಕ್ತ ಪರೀಕ್ಷೆ ಮಾಡಿಸಿ. ಪಶು ಸಂಜೀವಿನಿ ವಾಹನಕ್ಕೆ 1962 ನಂಬರ್, ಉಚಿತ ಕರೆ.

ಇವರ ಕುದುರೆಯ ರಕ್ತವೂ ಪರೀಕ್ಷೆಗೆ ಹೋಗಿತ್ತು. ವರದಿ ಬರೋವರೆಗೂ ಮನೆಯಾಕೆ ಕೊಟ್ಟಿಗೆ ಕಡೆ ಯಾರನ್ನೂ ಬಿಟ್ಟಿರಲಿಲ್ಲ. ರೋಗ ಇಲ್ಲ ಅಂತ ಬಂತು. ನಾನು ಹೋದಾಗ ಅದು ಬದುವಿನ ಮೇಲೆ ನಿಂತು ಸೊಪ್ಪೆ ಅಗಿಯುತ್ತಿತ್ತು. ಮೊಮ್ಮಗಳು ಕೊರಳು ಸವರಿದ್ರೆ ಸುಮ್ಮನಿತ್ತು. ಅಜ್ಜ ಹಗ್ಗ ಕೈಗೆತ್ತಿಕೊಂಡ ಕೂಡಲೇ ಎರಡು ಹೆಜ್ಜೆ ಹಿಂದೆ ಸರೀತು.