ಆಪರೇಷನ್ ಮುಗಿಯಿತು, ವ್ಯಾಯಾಮ ಬಾಕಿ ಇದೆ



ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡ ಹುಡುಗ, ಕಬಡ್ಡಿ ಆಡುವಾಗ ಮೊಣಕಾಲು ತಿರುಚಿಕೊಂಡ ವಿದ್ಯಾರ್ಥಿನಿ, ಕಟ್ಟಡದ ಕೆಲಸದಲ್ಲಿ ಸಾರುವೆಯಿಂದ ಬಿದ್ದ ಕಲಬುರಗಿ ಕಡೆಯ ತರುಣ. ವೈದ್ಯಕೀಯ ನೆರವು ನಿಧಿಗೆ ಇಂಥವರ ಅರ್ಜಿ ಬಂದಾಗ ಆಪರೇಷನ್ನಿಗೆ ತಾವು ಕೈಬಿಚ್ಚಿ ಕೊಡುತ್ತೀರಿ. ಡಿಸ್ಚಾರ್ಜ್ ಆದ ದಿನ ಎಲ್ಲರೂ ನೆಮ್ಮದಿಯ ಉಸಿರು ಬಿಡುತ್ತೇವೆ. ಆದರೆ ರೋಗಿಯ ಅರ್ಧ ದಾರಿ ಇನ್ನೂ ಉಳಿದಿರುತ್ತದೆ. ಆ ಅರ್ಧ ದಾರಿ ಯಾವುದೆಂದು ತಿಳಿಸಲು ಈ ಲೇಖನ.

ಪ್ಲಾಸ್ಟರ್ ಬಿಚ್ಚಿದಾಗ ಒಂದು ತೊಡೆ ಇನ್ನೊಂದಕ್ಕಿಂತ ಸಣ್ಣದಾಗಿರುವುದನ್ನು ನೀವು ನೋಡಿರಬಹುದು. ಬಳಕೆ ಇಲ್ಲದ ಸ್ನಾಯು ಕೆಲವೇ ವಾರಗಳಲ್ಲಿ ಸೊರಗುತ್ತದೆ. ಕೀಲು ಬಿಗಿಯುತ್ತದೆ. ಕಾಲನ್ನು ಎಲ್ಲಿ, ಹೇಗೆ ಊರಬೇಕೆಂಬ ಅಂದಾಜೂ ತಪ್ಪುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಂಡರೂ ಹುಡುಗ ಕುಂಟುವುದು ಇದಕ್ಕೇ. ಇವನ್ನು ಮರಳಿ ತರುವ ಮಾತ್ರೆ ಇಲ್ಲ, ವ್ಯಾಯಾಮವೊಂದೇ ದಾರಿ.

ಫಿಸಿಯೋಥೆರಪಿಯಲ್ಲಿ ವ್ಯಾಯಾಮ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ಊತ ಇಳಿಸಿ, ಕೀಲು ಅಲುಗಿಸದೆ ಸ್ನಾಯು ಬಿಗಿಹಿಡಿಯುವುದು: ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ 5 ಸೆಕೆಂಡು ಹಿಡಿದು ಬಿಡುವಂಥದ್ದು. ಆಮೇಲೆ ಕೀಲನ್ನು ಸ್ವಲ್ಪ ಸ್ವಲ್ಪವೇ ಮಡಚಿ ಚಾಚುವುದು. ನಂತರ ಭಾರ ಹೊರುವುದು, ಮೆಟ್ಟಿಲು ಹತ್ತುವುದು, ಒಂಟಿ ಕಾಲಿನ ಮೇಲೆ ನಿಲ್ಲುವುದು. ಓಟ, ಜಿಗಿತ ಕೊನೆಗೆ. ಮೊಣಕಾಲಿನ ಅಸ್ಥಿರಜ್ಜು ಹರಿದು ಹೊಸದನ್ನು ಕೂಡಿಸಿದ್ದರೆ ಆಟಕ್ಕೆ ಮರಳಲು ಸಾಮಾನ್ಯವಾಗಿ 9 ತಿಂಗಳಾದರೂ ಕಾಯಬೇಕು. ನೋವು ಹೋಯಿತೆಂದು ನಾಲ್ಕೇ ತಿಂಗಳಿಗೆ ಅಂಗಳಕ್ಕಿಳಿದರೆ ಅದು ಮತ್ತೆ ಹರಿಯುವ ಅಪಾಯ ಹೆಚ್ಚು.

ಅಳತೆ ತಿಳಿಯುವುದು ಹೇಗೆ? ವ್ಯಾಯಾಮದ ಹೊತ್ತಿನ ಸಣ್ಣ ನೋವು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಚಿಂತೆಯಿಲ್ಲ. ಊತ ಹೆಚ್ಚಿದ್ದರೆ ಅತಿಯಾಯಿತೆಂದು ಅರ್ಥ. ಜ್ವರ, ಗಾಯದಿಂದ ಕೀವು, ಮರಗಟ್ಟುವಿಕೆ, ಮೀನಖಂಡದಲ್ಲಿ ನೋವಿನೊಂದಿಗೆ ಬಾವು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಒಂದು ಎಚ್ಚರಿಕೆ. ಮಗುವಿನ ಮೊಣಕೈ ಮುರಿದು ಕೂಡಿದ ಮೇಲೆ ಬಿಗಿತ ಬಿಡಿಸಲೆಂದು ಎಣ್ಣೆ ಹಚ್ಚಿ ತಿಕ್ಕುವುದು, ಜಗ್ಗುವುದು ನಮ್ಮಲ್ಲಿ ರೂಢಿ. ಹೀಗೆ ಮಾಡಿದರೆ ಸ್ನಾಯುವಿನೊಳಗೇ ಹೊಸ ಮೂಳೆ ಬೆಳೆದು ಕೈ ಮಡಚಲಾರದಂತೆ ಆಗಬಹುದು. ಮೊಣಕೈಯನ್ನು ಮಗು ತಾನಾಗಿ ಆಡಿಸಬೇಕು, ಬೇರೆಯವರು ಎಳೆಯಬಾರದು.

ವ್ಯಾಯಾಮದ ಶಕ್ತಿಗೆ ನಮ್ಮ ಪುಣೆಯಲ್ಲೇ ಸಾಕ್ಷಿಗಳಿವೆ. ಸೇನೆಯಲ್ಲಿ ಬಾಕ್ಸರ್ ಆಗಿದ್ದ ಮುರಳಿಕಾಂತ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದು ಸೊಂಟದ ಕೆಳಗೆ ಬಲ ಕಳೆದುಕೊಂಡಾಗ ಇಪ್ಪತ್ತರ ಆಸುಪಾಸಿನ ಯುವಕ. ಚಿಕಿತ್ಸೆಯ ಭಾಗವಾಗಿ ಈಜು ಹಿಡಿದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ನಮ್ಮವರೇ ಆದ ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಮಲೇರಿಯಾ, ಟೈಫಾಯಿಡ್, ಕ್ಷಯದಿಂದ ಬಾಲ್ಯದಲ್ಲಿ ಸೊರಗಿದ್ದ ಅವರ ದೇಹ ಮೈಸೂರಿನಲ್ಲಿ ಯೋಗಾಭ್ಯಾಸದಿಂದ ಚೇತರಿಸಿತು. 1937ರಲ್ಲಿ ಪುಣೆಗೆ ಕಲಿಸಲು ಬಂದು ಇಲ್ಲೇ ನೆಲೆಸಿದರು. ಬಗ್ಗಲಾರದ ಮೈಗೂ ಆಸನ ಎಟಕುವಂತೆ ಅವರು ಬೆಲ್ಟು, ಹಗ್ಗ, ಮರದ ತುಂಡು, ಕುರ್ಚಿಗಳನ್ನು ಬಳಸಿದರು. ವ್ಯಾಯಾಮ ರೋಗಿಯ ಮೈಗೆ ಹೊಂದಬೇಕು, ಮತ್ತು ದಿನವೂ ನಡೆಯಬೇಕು. ಫಿಸಿಯೋಥೆರಪಿಸ್ಟ್ ಹೇಳುವುದೂ ಇದನ್ನೇ.

ದಿನವೂ ನಡೆಯಬೇಕಾದ್ದು ನಿಲ್ಲುವುದೇಕೆ? ದುಡ್ಡಿಗೆ. ಆಯುಷ್ಮಾನ್ ಭಾರತ್ ಯೋಜನೆ ಆಸ್ಪತ್ರೆಯಿಂದ ಬಂದ ನಂತರದ 15 ದಿನಗಳ ಖರ್ಚಿಗೆ ಆಗುತ್ತದೆ. ವ್ಯಾಯಾಮ ಬೇಕಾಗುವುದು ತಿಂಗಳುಗಟ್ಟಲೆ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಅಗ್ಗವಾದರೂ ಹಡಪ್ಸರದಿಂದಲೋ ಕಾತ್ರಜ್‌ನಿಂದಲೋ ವಾರಕ್ಕೆ ಮೂರು ಸಲ ಹೋಗಿಬರಲು ರಿಕ್ಷಾ ಬೇಕು, ಜೊತೆಗೆ ಬರುವ ತಾಯಿಯ ಆ ದಿನದ ಕೂಲಿ ಹೋಗುತ್ತದೆ. ಇನ್ನೊಂದು ತೊಡಕು ಭಾಷೆ. ಮರಾಠಿಯಲ್ಲಿ ಹೇಳಿಕೊಟ್ಟ ವ್ಯಾಯಾಮ ಯಾದಗಿರಿಯಿಂದ ಹೊಸದಾಗಿ ಬಂದ ತಾಯಿಗೆ ಅರ್ಧ ತಿಳಿಯುತ್ತದೆ, ಮನೆಗೆ ಬಂದು ಅರ್ಧವೇ ಮಾಡಿಸುತ್ತಾಳೆ.

ಆದ್ದರಿಂದ ತಮ್ಮಲ್ಲಿ ಮೂರು ವಿನಂತಿ. ಅರ್ಜಿ ಶಿಫಾರಸು ಮಾಡುವಾಗ ಆಪರೇಷನ್ ಜೊತೆಗೆ ಮುಂದಿನ ವ್ಯಾಯಾಮ ಮತ್ತು ಓಡಾಟದ ಅಂದಾಜನ್ನೂ ಬರೆಸಿ. ದೇಣಿಗೆಯನ್ನು ಒಮ್ಮೆಗೇ ಕೊಡುವ ಬದಲು, ಸಾಧ್ಯವಿದ್ದವರು ಆರು ತಿಂಗಳು ಸ್ವಲ್ಪ ಸ್ವಲ್ಪವೇ ಕೊಡಿ. ಹಣ ಕೊಡಲಾಗದವರು ತಿಂಗಳಿಗೆ ಒಂದು ದಿನ ರೋಗಿಯೊಂದಿಗೆ ಹೋಗಿ, ಹೇಳಿದ್ದನ್ನು ಕನ್ನಡದಲ್ಲಿ ಬರೆದು, ಚಿತ್ರ ಹಾಕಿ ಗೋಡೆಗೆ ಅಂಟಿಸಿ ಬನ್ನಿ.

ಆಸ್ಪತ್ರೆಯಿಂದ ಮನೆಗೆ ಬಂದ ಹುಡುಗ ಮತ್ತೆ ಕೆಲಸಕ್ಕೆ ನಡೆದು ಹೋಗುವ ತನಕ ಅವನ ಅರ್ಜಿ ನಮ್ಮ ಕಡತದಲ್ಲಿ ತೆರೆದೇ ಇರಲಿ.