ಹಿಟ್ಟಿನ ಗಿರಣಿಯ ಸಾಲು, ಸರ್ವರ್‌ನೊಳಗಿನ ಸಾಲು: ‘ಇನ್-ಆರ್ಡರ್’ ಅಂದ್ರೆ ಏನು?

ಚಿಕ್ಕಬಳ್ಳಾಪುರ: ‘ಸರ್ವರ್ ಸ್ಲೋ ಇದೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ.’ ಪಹಣಿಗೆ ಹೋದವರು, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತವರು ಈ ಮಾತು ಕೇಳಿಯೇ ಇರುತ್ತಾರೆ. ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್‌ ಕೂಡ ಈಗ ಎಷ್ಟೋ ಕಡೆ ಬಾಡಿಗೆ ಸರ್ವರ್ ಮೇಲೆಯೇ ನಡೆಯುತ್ತದೆ. ಸ್ಲೋ ಆಗಲು ಕಾರಣ ಹಲವು: ನೆಟ್‌ವರ್ಕ್, ಕರೆಂಟು, ಏಕಕಾಲಕ್ಕೆ ನುಗ್ಗುವ ಜನ. ಆದರೆ ಸರ್ವರ್‌ನ ಒಳಗೂ ಒಂದು ಸಾಲು ಇದೆ. ಆ ಸಾಲನ್ನು ಹೇಗೆ ನಡೆಸಬೇಕು ಎಂಬ ಲೆಕ್ಕಾಚಾರವೇ ‘ಇನ್-ಆರ್ಡರ್’.

ಒಂದು ಪೆಟ್ಟಿಗೆ, ಹಲವು ಕಂಪ್ಯೂಟರ್

ಬಾಡಿಗೆಗೆ ಸಿಗುವ ಸರ್ವರ್ ಸಾಮಾನ್ಯವಾಗಿ ಪ್ರತ್ಯೇಕ ಪೆಟ್ಟಿಗೆಯಲ್ಲ. ಒಂದು ದೊಡ್ಡ ಯಂತ್ರದೊಳಗೆ ಸಾಫ್ಟ್‌ವೇರ್‌ನಿಂದಲೇ ಹತ್ತಾರು ಕಂಪ್ಯೂಟರ್ ಕಟ್ಟಿರುತ್ತಾರೆ. ಇವಕ್ಕೆ ವರ್ಚುವಲ್ ಮಷಿನ್ ಎನ್ನುತ್ತಾರೆ. ಹೀಗೆ ಕಟ್ಟುವ ಉಚಿತ ಸಾಫ್ಟ್‌ವೇರ್‌ಗಳಲ್ಲಿ ಹೆಸರಾದದ್ದು ಕ್ಯೂಎಮು. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ಡ್ 2003ರಲ್ಲಿ ಇದನ್ನು ಹೊರತಂದರು. ಜಿಲ್ಲೆಯ ಕಾಲೇಜುಗಳಲ್ಲಿ ಮೊಬೈಲ್ ಆ್ಯಪ್ ಕಲಿಯುವ ಹುಡುಗರು ಬಳಸುವ ಆಂಡ್ರಾಯ್ಡ್ ಎಮ್ಯುಲೇಟರ್‌ನ ಬುಡದಲ್ಲಿರುವುದೂ ಇದೇ.

ವರ್ಚುವಲ್ ಮಷಿನ್‌ಗೆ ನಿಜವಾದ ಡಿಸ್ಕ್ ಇಲ್ಲ, ನೆಟ್‌ವರ್ಕ್ ಕಾರ್ಡೂ ಇಲ್ಲ. ಎರಡನ್ನೂ ಹೊರಗಿನ ಸಾಫ್ಟ್‌ವೇರ್ ನಟಿಸಿ ತೋರಿಸುತ್ತದೆ. ಒಳಗಿನವರು ಮತ್ತು ಹೊರಗಿನವರು ಮಾತಾಡಿಕೊಳ್ಳಲು ಒಂದು ಒಪ್ಪಂದ ಬೇಕಲ್ಲ? ಅದೇ ವರ್ಟ್‌-ಐಒ. ಆಸ್ಟ್ರೇಲಿಯಾದ ಲಿನಕ್ಸ್ ತಂತ್ರಜ್ಞ ರಸ್ಟಿ ರಸೆಲ್ ಇದನ್ನು ರೂಪಿಸಿ, 2008ರಲ್ಲಿ ಪ್ರಬಂಧ ಪ್ರಕಟಿಸಿದರು.

ಗಿರಣಿಗೆ ಹೋದ ಎಂಟು ಡಬ್ಬ

ಗೌರಿಬಿದನೂರಿನಲ್ಲೋ ಚಿಂತಾಮಣಿಯಲ್ಲೋ ಒಂದು ಹಿಟ್ಟಿನ ಗಿರಣಿ ಎಂದುಕೊಳ್ಳಿ. ಪಕ್ಕದ ದಿನಸಿ ಅಂಗಡಿಯ ಹುಡುಗ ಎಂಟು ಡಬ್ಬ ಸಾಲಾಗಿ ಇಟ್ಟು ಹೋಗುತ್ತಾನೆ. ಕೆಲವದರಲ್ಲಿ ರಾಗಿ, ಕೆಲವದರಲ್ಲಿ ಗೋಧಿ, ಒಂದರಲ್ಲಿ ಒಣಮೆಣಸಿನಕಾಯಿ. ಗಿರಣಿಯಲ್ಲಿ ಮೂರು ಮಿಷಿನ್ ಇವೆ. ಯಾವುದು ಮೊದಲು ಮುಗಿಯುತ್ತೋ ಅದನ್ನು ಮೊದಲು ಹೊರಗಿಡುತ್ತಾರೆ.

ಹಾಗಾದಾಗ ಪ್ರತಿ ಡಬ್ಬಕ್ಕೂ ಚೀಟಿ ಅಂಟಿಸಬೇಕು. ಹುಡುಗ ಬಂದಾಗ ‘ಮೂರನೇದು ಆಯ್ತು, ಆರನೇದು ಆಯ್ತು, ಒಂದನೇದು ಆಯ್ತು’ ಎಂದು ಒಂದೊಂದಾಗಿ ಹೇಳಬೇಕು. ಅವನೂ ಪುಸ್ತಕದಲ್ಲಿ ಒಂದೊಂದಾಗಿ ಗುರುತು ಹಾಕಿಕೊಳ್ಳಬೇಕು.

ಈಗ ಇಬ್ಬರೂ ಮೊದಲೇ ಒಂದು ಮಾತು ಮಾಡಿಕೊಂಡರು: ಇಟ್ಟ ಸಾಲಿನಲ್ಲೇ ವಾಪಸ್. ಆಗ ಹುಡುಗ ‘ಅಣ್ಣಾ, ಎಷ್ಟಾಯ್ತು?’ ಅಂದರೆ ‘ಐದರವರೆಗೂ ಆಯ್ತಪ್ಪ’ ಎಂಬ ಒಂದೇ ಉತ್ತರ ಸಾಕು. ಒಂದರಿಂದ ಐದು ಡಬ್ಬ ಕಣ್ಣುಮುಚ್ಚಿ ಎತ್ತಿಕೊಂಡು ಹೋಗಬಹುದು.

ವರ್ಟ್‌-ಐಒನಲ್ಲಿ ಡಬ್ಬದ ಜಾಗದಲ್ಲಿರುವುದು ಬಫರ್, ಅಂದರೆ ಮೆಮೊರಿಯ ಒಂದು ತುಂಡು. ವರ್ಚುವಲ್ ಮಷಿನ್ ಬಫರ್‌ಗಳನ್ನು ‘ಸಿದ್ಧ’ ಪಟ್ಟಿಯಲ್ಲಿ ಇಡುತ್ತದೆ. ಡಿವೈಸ್ ನಟಿಸುವ ಸಾಫ್ಟ್‌ವೇರ್ ಕೆಲಸ ಮುಗಿಸಿ ‘ಮುಗಿದ’ ಪಟ್ಟಿಯಲ್ಲಿ ಬರೆಯುತ್ತದೆ. ಸಾಮಾನ್ಯ ನಿಯಮದಲ್ಲಿ ವಾಪಸಾತಿಗೆ ಕ್ರಮವಿಲ್ಲ. 2019ರಲ್ಲಿ ಒಯಾಸಿಸ್ ಸಂಸ್ಥೆ ಹೊರತಂದ ವರ್ಟ್‌-ಐಒ 1.1 ಆವೃತ್ತಿಯಲ್ಲಿ ಇನ್-ಆರ್ಡರ್ ಸೌಲಭ್ಯ ಬಂತು. ಅದರ ಗುರುತು ಸಂಖ್ಯೆ 35. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಜಾರಿ. ಆಮೇಲೆ ಒಂದು ಗುಂಪಿನ ಕೊನೆಯ ಬಫರ್ ಹೆಸರು ಬರೆದರೆ ಸಾಕು, ಹಿಂದಿನವೆಲ್ಲ ಮುಗಿದಂತೆ.

ಇದಕ್ಕೊಂದು ಷರತ್ತಿದೆ. ಹೆಸರು ಬರೆಯದೆ ದಾಟಿಸಿದ ಬಫರ್‌ಗಳು ಪೂರ್ತಿ ಬಳಕೆಯಾಗಿವೆ ಎಂದೇ ಲೆಕ್ಕ. ಅರ್ಧ ತುಂಬಿದ ಡಬ್ಬ ಇದ್ದರೆ ಅದನ್ನು ಬಾಯಿಬಿಟ್ಟು ಹೇಳಲೇಬೇಕು.

ಮೆಣಸಿನಪುಡಿಯ ತಾಪತ್ರಯ

ಲಾಭವಿದ್ದ ಮೇಲೆ ನಷ್ಟವೂ ಇರುತ್ತದೆ. ಎರಡನೇ ಡಬ್ಬದ ಮೆಣಸಿನಕಾಯಿ ಹಸಿಯಿದ್ದು ತಡವಾಯಿತು ಅಂದುಕೊಳ್ಳಿ. ಮೂರು, ನಾಲ್ಕು, ಐದು ರೆಡಿಯಾಗಿದ್ದರೂ ಹುಡುಗನ ಕೈಗೆ ಕೊಡುವಂತಿಲ್ಲ. ಮಾತು ಮುರಿದು ಕೊಟ್ಟರೆ? ಹುಡುಗ ಚೀಟಿ ನೋಡುವುದಿಲ್ಲ. ರಾಗಿ ಹಿಟ್ಟು ಎಂದುಕೊಂಡು ಮೆಣಸಿನಪುಡಿ ಮಾರಿಬಿಡುತ್ತಾನೆ! ಕಂಪ್ಯೂಟರಿನಲ್ಲೂ ಹಾಗೆಯೇ, ಒಂದರ ಮಾಹಿತಿಯನ್ನು ಇನ್ನೊಂದು ಎಂದು ಓದುವ ಅಪಾಯ.

ಕ್ಯೂಎಮುಗೆ ಇನ್-ಆರ್ಡರ್ ಬೆಂಬಲ ಸೇರಿದ್ದು 2024ರಲ್ಲಿ. ಅದು ಮಾಡುವುದಿಷ್ಟೆ: ಬಂದ ಬಫರ್‌ಗಳನ್ನು ಬಂದ ಕ್ರಮದಲ್ಲೇ ಬರೆದಿಟ್ಟುಕೊಳ್ಳುತ್ತದೆ. ಮುಂಚೆ ಮುಗಿದದ್ದಕ್ಕೆ ‘ರೆಡಿ’ ಎಂದು ಗುರುತು ಹಾಕಿ ಪಕ್ಕಕ್ಕಿಡುತ್ತದೆ. ಸಾಲಿನ ಮುಂದಿನದು ಮುಗಿದ ತಕ್ಷಣ, ಅದರ ಹಿಂದೆ ಬಿಡುವಿಲ್ಲದೆ ರೆಡಿ ಇರುವಷ್ಟನ್ನೂ ಒಟ್ಟಿಗೆ ದಾಟಿಸುತ್ತದೆ.

ಆದ್ದರಿಂದ ಇದು ಎಲ್ಲ ಕಡೆ ಹೊಂದುವ ಮದ್ದಲ್ಲ. ನೆಟ್‌ವರ್ಕ್ ಕಾರ್ಡಿನಲ್ಲಿ ಮಾಹಿತಿ ಬಹುಮಟ್ಟಿಗೆ ಬಂದ ಸಾಲಿನಲ್ಲೇ ಹೋಗುತ್ತದೆ, ಅಲ್ಲಿ ಅನುಕೂಲ. ಡಿಸ್ಕಿನಲ್ಲಿ ಒಂದು ಕೆಲಸ ಬೇಗ, ಇನ್ನೊಂದು ನಿಧಾನ. ನಿಧಾನದ್ದು ಮುಂದಿದ್ದರೆ ಹಿಂದಿನವಕ್ಕೆಲ್ಲ ಕಾಯುವ ಶಿಕ್ಷೆ. ಇದನ್ನು ಬೇಕಾದವರು ತಾವೇ ಆನ್ ಮಾಡಿಕೊಳ್ಳುವಂತೆ ಇಡಲಾಗಿದೆ.

ಅಂಗಡಿಯವರಿಗೆ ಇದರಿಂದೇನು?

ಶಿಡ್ಲಘಟ್ಟದ ಗೂಡಿನ ವ್ಯಾಪಾರಿಯ ಹಣ ಮೊದಲು ಜಮೆ ಆಗುತ್ತೋ, ಚಿಂತಾಮಣಿಯ ಟೊಮೆಟೊ ಮಂಡಿಯವರದೋ ಎಂಬುದನ್ನು ಇನ್-ಆರ್ಡರ್ ತೀರ್ಮಾನಿಸುವುದಿಲ್ಲ. ಅದು ಒಂದು ವರ್ಚುವಲ್ ಮಷಿನ್ ಮತ್ತು ಅದರ ಡಿವೈಸ್ ನಡುವಿನ ಲೆಕ್ಕದ ಪುಸ್ತಕವನ್ನು ಚಿಕ್ಕದು ಮಾಡುತ್ತದೆ, ಅಷ್ಟೇ. ಸೆಕೆಂಡಿಗೆ ಲಕ್ಷಗಟ್ಟಲೆ ಬಫರ್ ಓಡಾಡುವ ಕಡೆ ಆ ಉಳಿತಾಯಕ್ಕೆ ಬೆಲೆಯಿದೆ. ದಿನಕ್ಕೆ ನೂರಿನ್ನೂರು ಬಿಲ್ ಹಾಕುವ ಅಂಗಡಿಗೆ ವ್ಯತ್ಯಾಸ ಕಾಣದು. ‘ಇದನ್ನು ಹಾಕಿಸಿದ್ರೆ ಸ್ಪೀಡ್ ಡಬಲ್’ ಎಂದು ಯಾರಾದರೂ ಹೆಚ್ಚಿನ ದುಡ್ಡು ಕೇಳಿದರೆ, ಮೊದಲು ಇಂಟರ್ನೆಟ್ ಲೈನ್ ಮತ್ತು ಡಿಸ್ಕ್ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕಲಿಯುವ ಆಸಕ್ತಿಯಿದ್ದ ಹುಡುಗರಿಗೆ ಇನ್ನೊಂದು ಮಾತು. ಲಿನಕ್ಸ್ ವರ್ಚುವಲ್ ಮಷಿನ್‌ನ ‘ಸಿಸ್’ ಫೋಲ್ಡರಿನಲ್ಲಿ ಪ್ರತಿ ವರ್ಟ್‌-ಐಒ ಡಿವೈಸಿಗೂ ‘ಫೀಚರ್ಸ್’ ಎಂಬ ಫೈಲ್ ಇರುತ್ತದೆ. ಅದರ ತುಂಬ 0 ಮತ್ತು 1. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ 36ನೇ ಅಂಕಿ ನೋಡಬೇಕು. ಅಲ್ಲಿ 1 ಇದ್ದರೆ ಸಾಲು ತಪ್ಪದ ಗಿರಣಿ, 0 ಇದ್ದರೆ ಚೀಟಿ ಅಂಟಿಸುವ ಗಿರಣಿ. ಎರಡರಲ್ಲೂ ಹಿಟ್ಟು ಮಾತ್ರ ಒಂದೇ.