ಉಪಕರಣ ಹಳತಾದರೂ ಪಾಠ ಉಳಿಯಲಿ



ವಾರವಿಡೀ ದುಡಿದು, ರಜೆಯ ದಿನ ಮಕ್ಕಳಿಗೆ ಕನ್ನಡ ಕಲಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಚಿತ್ರ, ಧ್ವನಿ, ಪ್ರಶ್ನೆಗಳನ್ನು ಕೂಡಿಸಿ ಬಹುಮಾಧ್ಯಮ ಪಾಠ ಕಟ್ಟಲು ಯಾವ ತಂತ್ರಾಂಶ ಒಳ್ಳೆಯದು ಎಂದು ಅವರು ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ತಂತ್ರಾಂಶ ನಿಂತುಹೋದರೆ ಪಾಠದ ಗತಿಯೇನು?

ಇದು ಸುಮ್ಮನೆ ಹುಟ್ಟಿದ ಭಯವಲ್ಲ. ಸಿ.ಡಿ.ಗಳ ಕಾಲದಲ್ಲಿ ಪಾಠ ಕಟ್ಟಲು ಆಥರ್‌ವೇರ್ ಹೆಸರುವಾಸಿಯಾಗಿತ್ತು. 2007ರಲ್ಲಿ ಅಡೋಬಿ ಸಂಸ್ಥೆ ಅದರ ಅಭಿವೃದ್ಧಿಯನ್ನು ನಿಲ್ಲಿಸಿತು. ಅಂತರಜಾಲದ ಪಾಠಗಳನ್ನು ಆಳಿದ ಫ್ಲ್ಯಾಶ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭವಾದ ಫೆಟ್ ಯೋಜನೆ, ಜಾವಾ ಮತ್ತು ಫ್ಲ್ಯಾಶ್‌ನಲ್ಲಿದ್ದ ತನ್ನ ವಿಜ್ಞಾನದ ಪ್ರಯೋಗಗಳನ್ನು ಎಚ್‌ಟಿಎಂಎಲ್5ರಲ್ಲಿ ಮತ್ತೆ ಬರೆಯಬೇಕಾಯಿತು. ಸಂಬಳದ ತಂಡವಿದ್ದವರಿಗೆ ಅದು ಸಾಧ್ಯ. ಬಿಡುವಿನಲ್ಲಿ ದುಡಿಯುವ ನಮಗೆ ಕಷ್ಟ.

ಆದ್ದರಿಂದ ಕೆಲಸವನ್ನು ಮೂರು ಹಂತವಾಗಿ ಬೇರ್ಪಡಿಸೋಣ.

ಮೊದಲನೆಯದು ಯೋಜನೆ. ಇದಕ್ಕೆ ಕಾಗದ, ಪೆನ್ಸಿಲ್ ಸಾಕು. 'ಕಾಲು', 'ಕಾಳು' ಇವೆರಡರ ವ್ಯತ್ಯಾಸವನ್ನು ಕಲಿಸಬೇಕೆನ್ನಿ. ಮಗು ಮೊದಲು ಏನು ಕೇಳಬೇಕು, ಯಾವ ಚಿತ್ರ ಮುಟ್ಟಬೇಕು, ತಪ್ಪಿದರೆ ಏನಾಗಬೇಕು ಎಂದು ಪರದೆ ಪರದೆಯಾಗಿ ಬರೆದಿಡಿ.

ಎರಡನೆಯದು ಸಾಮಗ್ರಿ. ಪಠ್ಯ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದದ್ದು, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಧ್ವನಿಯನ್ನು ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಮುದ್ರಿಸಿ, ಮೂಲವನ್ನು ವೇವ್ ಕಡತವಾಗಿ ಕಾಪಾಡಿ. ಪಾಠಕ್ಕೆ ಎಂಪಿ3 ಪ್ರತಿ ಬಳಸಿ. ಇಂಕ್‌ಸ್ಕೇಪ್‌ನಲ್ಲಿ ಬಿಡಿಸಿದ ಚಿತ್ರ ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ.

ಮೂರನೆಯದು ಜೋಡಣೆ. ಉಪಕರಣದ ಪ್ರಶ್ನೆ ಬರುವುದು ಇಲ್ಲಿ ಮಾತ್ರ. ಎಚ್5ಪಿ ಎಂಬ ಮುಕ್ತ ತಂತ್ರಾಂಶದಲ್ಲಿ ಪದಚೀಟಿ, ಎಳೆದು ಹೊಂದಿಸುವ ಆಟ, ನಡುವೆ ಪ್ರಶ್ನೆ ಕೇಳುವ ವಿಡಿಯೋ ಮುಂತಾದವನ್ನು ಕೋಡ್ ಬರೆಯದೆಯೇ ಮಾಡಬಹುದು. ಮೂಡಲ್, ವರ್ಡ್‌ಪ್ರೆಸ್ ತಾಣಗಳಲ್ಲಿ ಅದು ಕೆಲಸ ಮಾಡುತ್ತದೆ. ಪಾಠವನ್ನು ಒಂದೇ ಕಡತವಾಗಿ ಇಳಿಸಿಟ್ಟುಕೊಳ್ಳಲೂಬಹುದು. ಮಕ್ಕಳೇ ಕಥೆ ಕಟ್ಟಬೇಕೆಂದರೆ ಎಂಐಟಿಯಲ್ಲಿ ಹುಟ್ಟಿದ ಸ್ಕ್ರ್ಯಾಚ್ ಇದೆ. ನಾಳೆ ಇವೂ ಹೋಗಬಹುದು. ಆಗ ಕಳೆದುಕೊಳ್ಳುವುದು ಮೂರನೆಯ ಹಂತವನ್ನು ಮಾತ್ರ.

ಕೆಲಸ ಬದಲಾದರೆ ಊರು ಬಿಡುವವರು ನಾವು. ನೀವು ಹೊರಟ ಮೇಲೂ ಇನ್ನೊಬ್ಬರು ಆ ಕಡತಗಳನ್ನು ತೆರೆದು, ತಿದ್ದಿ, ಕಲಿಸುವಂತಿರಬೇಕು. ಇಂದೇ ನಿಮ್ಮ ಒಂದು ಪಾಠವನ್ನು ಗೆಳೆಯರೊಬ್ಬರ ಕೈಗೆ ಕೊಟ್ಟು ನೋಡಿ. ಅವರು ನಿಮ್ಮನ್ನು ಏನೂ ಕೇಳದೆ ಅದನ್ನು ನಡೆಸಿದರೆ, ಆ ಪಾಠ ಉಳಿಯುತ್ತದೆ.